ಶನಿವಾರದ ಮನೆ ಸಿನಿಮಾ: ಮಾಡುವ ವಿಧಾನ

ಬೇಕಾಗುವ ಸಾಮಗ್ರಿ: ಆರು ಜನ, ನಾಲ್ಕು ಒಟಿಟಿ ಚಂದಾ, ಒಂದು ಮಿಕ್ಸಿ, ಎಲ್ಲ ಸಿನಿಮಾಗಳನ್ನೂ ಮೊದಲೇ ನೋಡಿರುವ ಒಬ್ಬ ಭಾವ. ಇಷ್ಟಿದ್ದರೆ ಶುರು ಮಾಡಬಹುದು. ಬರೀ ಸಿನಿಮಾ ನೋಡುವುದಾದರೆ ಇದ್ಯಾವುದೂ ಬೇಕಿಲ್ಲ, ಟೀವಿಯೊಂದು ಸಾಕು. ಆದರೆ ನೀವು ಹೊರಟಿರುವುದು ‘ಮೂವಿ ನೈಟ್’ ಮಾಡಲು. ಅದು ಬೇರೆಯೇ ಅಡುಗೆ. ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಶನಿವಾರ ತಪ್ಪಿಸದೆ ಮಾಡುತ್ತ ಬಂದಿದ್ದೇನೆ. ಈ ಅವಧಿಯಲ್ಲಿ ಕೊನೆ ಮುಟ್ಟಿದ ಸಿನಿಮಾ ಎರಡೇ ಎರಡು. ಒಂದು, ನಾನು ಊರಲ್ಲಿ ಇಲ್ಲದಾಗ. ಇನ್ನೊಂದರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಸಿನಿಮಾ ಆರಿಸಿ. ಅವಸರ ಬೇಡ. ದೂರದರ್ಶನವೊಂದೇ ಇದ್ದ ಕಾಲದಲ್ಲಿ ಈ ಸುಖ ಇರಲಿಲ್ಲ. ಭಾನುವಾರ ಸಂಜೆ ಅವರು ಹಾಕಿದ್ದೇ ಸಿನಿಮಾ. ವಠಾರದ ಜನವೆಲ್ಲ ಒಂದೇ ಟೀವಿಯ ಮುಂದೆ ಚಾಪೆ ಹಾಸಿ ಕೂತು, ಅಳುವ ಕಡೆ ಒಟ್ಟಿಗೆ ಅತ್ತು, ಮುಗಿದ ಮೇಲೆ ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಿದ್ದರು. ಆಮೇಲೆ ವಿಸಿಪಿ ಬಾಡಿಗೆಗೆ ತರುವ ಕಾಲ ಬಂತು. ಬೆಳಿಗ್ಗೆ ವಾಪಸ್ ಕೊಡಬೇಕಲ್ಲ, ತಂದ ಮೂರು ಕ್ಯಾಸೆಟ್ಟನ್ನೂ ಕಣ್ಣಿಗೆ ನೀರು ಹಾಕಿಕೊಂಡು ನೋಡಿ ಮುಗಿಸುತ್ತಿದ್ದರು. ನಿಮಗೆ ಆ ಕರ್ಮ ಇಲ್ಲ. ನೀವು ವರ್ಷದ ಚಂದಾ ಕಟ್ಟಿದ್ದೀರಿ. ಸಿನಿಮಾ ಎಲ್ಲಿಗೂ ಓಡಿಹೋಗುವುದಿಲ್ಲ.

ರಿಮೋಟನ್ನು ‘ಯಾವ್ದಾದ್ರೂ ಹಾಕಿ, ನಂಗೆ ನಡೆಯುತ್ತೆ’ ಎನ್ನುವವರ ಕೈಗೆ ಕೊಡಿ. ಯಾವುದೂ ನಡೆಯದವರು ಅವರೇ. ಪ್ರತಿ ಸಿನಿಮಾಕ್ಕೂ ಟ್ರೇಲರ್ ಹಾಕಿ ನೋಡಿ. ಟ್ರೇಲರಿಗೆ ಎರಡೂವರೆ ನಿಮಿಷವೆಂದು ಇಟ್ಟುಕೊಂಡರೆ ಹದಿನಾಲ್ಕಕ್ಕೆ ಮೂವತ್ತೈದು ನಿಮಿಷ. ಅಷ್ಟರಲ್ಲಿ ಇಡೀ ರಾತ್ರಿಗೆಂದು ಮಾಡಿಟ್ಟ ಕಡಲೆಪುರಿ ಒಗ್ಗರಣೆ ಖಾಲಿಯಾಗಿರುತ್ತದೆ, ಮಕ್ಕಳ ನಡುವೆ ಒಂದು ಜಗಳ ಹತ್ತಿರುತ್ತದೆ. ಈಗ, ಯಾರಿಗೂ ಅಷ್ಟಾಗಿ ಇಷ್ಟವಿಲ್ಲದ, ಆದರೆ ಯಾರೂ ಬೇಡವೆನ್ನಲಾಗದ ಸಿನಿಮಾವೊಂದಕ್ಕೆ ಬಂದು ನಿಲ್ಲಿ. ನಮ್ಮಲ್ಲಿ ಅದು ಹೆಚ್ಚಾಗಿ ‘ಆಪ್ತಮಿತ್ರ’.

ಹೆಸರನ್ನು ರಿಮೋಟಿನಲ್ಲೇ ಟೈಪ್ ಮಾಡಿ. ಒಂದೊಂದು ಅಕ್ಷರಕ್ಕೂ ಬಾಣದ ಗುಂಡಿ ಒತ್ತುತ್ತ ಮೇಲೆ ಕೆಳಗೆ ಹೋಗಿ. ಇಂಗ್ಲಿಷಿನಲ್ಲಿ ‘ಆಪ್ತಮಿತ್ರ’ ಬರೆಯಲು ಒಂದು ‘ಎ’ ಸಾಕೋ ಎರಡು ಬೇಕೋ, ‘ಟಿ’ಯ ಪಕ್ಕ ‘ಎಚ್’ ಉಂಟೋ ಇಲ್ಲವೋ ಎಂಬ ಚರ್ಚೆಗೆ ಎಲ್ಲರನ್ನೂ ಸೇರಿಸಿಕೊಳ್ಳಿ. ಕನ್ನಡದ ಬಗ್ಗೆ ಮನೆಮಂದಿಯೆಲ್ಲ ಇಷ್ಟು ಗಂಭೀರವಾಗಿ ಮಾತಾಡುವುದು ವಾರದಲ್ಲಿ ಇದೊಂದೇ ಸಲ. ಕೊನೆಗೆ ಸಿನಿಮಾ ಸಿಗುವ ಆ್ಯಪ್ ನಿಮ್ಮದಾಗಿರಬಾರದು, ಶಿವಮೊಗ್ಗದ ಷಡ್ಡಕನದಾಗಿರಬೇಕು. ಒಟಿಪಿ ಅವರ ಮೊಬೈಲಿಗೆ ಹೋಗುತ್ತದೆ. ಅವರು ಆ ಹೊತ್ತಿಗೆ ಯಾರದೋ ಆರತಕ್ಷತೆಯಲ್ಲಿ ಎಲೆಯ ಮುಂದೆ ಕೂತಿರುತ್ತಾರೆ. ಫೋನ್ ಮಾಡಿ. ಎಡಗೈಯಲ್ಲಿ ಫೋನ್ ಎತ್ತಿ, ಗಲಾಟೆಯಲ್ಲಿ ಆರು ಅಂಕಿ ಕೂಗಿ ಹೇಳಿ, ‘ಅಂದ ಹಾಗೆ ಏನ್ ಸಿನ್ಮಾ?’ ಎಂದು ಕೇಳುತ್ತಾರೆ. ಕುಶಲೋಪರಿ ಶುರು ಮಾಡಿ. ಒಟಿಪಿಯ ಅವಧಿ ಮುಗಿಯುವವರೆಗೆ ಬಿಡಬೇಡಿ.

ಇನ್ನು ಚಿತ್ರ. ಟೀವಿ ಅಂಗಡಿಯಿಂದ ಹೇಗೆ ಬಂತೋ ಹಾಗೇ ಇರಲಿ. ಸಿನಿಮಾವನ್ನು ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ತೆಗೆದಿರುತ್ತಾರೆ. ಈಗಿನ ಟೀವಿಗಳು ಆ ಚೌಕಟ್ಟುಗಳ ಮಧ್ಯೆ ತಾವೇ ಹೊಸ ಚೌಕಟ್ಟು ತಯಾರಿಸಿ ತುರುಕಿ, ಓಟವನ್ನೆಲ್ಲ ಬೆಣ್ಣೆಯಂತೆ ನುಣ್ಣಗೆ ಮಾಡುತ್ತವೆ. ಕ್ರಿಕೆಟ್ಟಿಗೆ ಇದು ಒಳ್ಳೆಯದು. ಸಿನಿಮಾಕ್ಕೂ ಹಾಗೇ ಬಿಡಿ. ಕೋಟಿಗಟ್ಟಲೆ ಸುರಿದು ಕಟ್ಟಿದ ಅರಮನೆ ಸಂಜೆ ಏಳರ ಧಾರಾವಾಹಿಯ ಸೆಟ್ಟಿನಂತೆ ಕಾಣುತ್ತದೆ. ಅತ್ತೆ ಒಳಬಂದು, ‘ಇದು ಯಾವ ಚಾನೆಲ್ಲಿಂದು, ಇವ್ಳೇನು ಎರಡನೇ ಸೊಸೆನಾ?’ ಎಂದು ಕೇಳಿದರೆ ಸೆಟ್ಟಿಂಗ್ ಸರಿಯಾಗಿದೆ ಎಂದರ್ಥ. ಈ ನುಣುಪನ್ನು ಒಂದೇ ಏಟಿಗೆ ಆರಿಸುವ ‘ಫಿಲ್ಮ್‌ಮೇಕರ್ ಮೋಡ್’ 2020ರಿಂದ ಈಚೆಗೆ ಎಷ್ಟೋ ಟೀವಿಗಳಲ್ಲಿ ಬಂದಿದೆ. ಮೆನುವಿನ ಒಳಮನೆಯಲ್ಲೆಲ್ಲೋ ತೆಪ್ಪಗಿದೆ. ಅಲ್ಲೇ ಇರಲಿ.

ಹಳೆಯ ಸಿನಿಮಾ ಹಾಕಿದಾಗ ಪರದೆಯ ಎಡಬಲಕ್ಕೆ ಕಪ್ಪು ಪಟ್ಟಿ ಬರುತ್ತದೆ. ಕನ್ನಡದಲ್ಲಿ ಸಿನಿಮಾಸ್ಕೋಪ್ ಬಂದದ್ದು 1977ರ ‘ಸೊಸೆ ತಂದ ಸೌಭಾಗ್ಯ’ದಿಂದ. ಅದಕ್ಕೆ ಹಿಂದಿನವೆಲ್ಲ ಹೆಚ್ಚುಕಡಿಮೆ ಚೌಕಾಕಾರದ ಚಿತ್ರಗಳು. ಆ ಕಪ್ಪನ್ನು ಸಹಿಸಬೇಡಿ. ಐವತ್ತೈದು ಇಂಚಿಗೆ ದುಡ್ಡು ಕೊಟ್ಟಿದ್ದೀರಿ, ಒಂದು ಇಂಚೂ ಖಾಲಿ ಬೀಳಬಾರದು. ‘ಸ್ಟ್ರೆಚ್’ ಒತ್ತಿ, 1973ರ ‘ಗಂಧದ ಗುಡಿ’ಯನ್ನು ಗೋಡೆಯಿಂದ ಗೋಡೆಗೆ ಎಳೆಯಿರಿ. ಮರಗಳು ದಪ್ಪಗಾಗುತ್ತವೆ, ಜೀಪು ಬಸ್ಸಾಗುತ್ತದೆ, ರಾಜ್‌ಕುಮಾರ್ ಆರೋಗ್ಯವಾಗಿ ಕಾಣುತ್ತಾರೆ.

ಟ್ಯೂಬ್‌ಲೈಟ್ ಆರಿಸಬೇಡಿ, ಕತ್ತಲಲ್ಲಿ ಟೀವಿ ನೋಡಿದರೆ ಕಣ್ಣು ಹೋಗುತ್ತದೆಂದು ನಿಮ್ಮ ಅಮ್ಮ ಹೇಳಿದ್ದು ನೆನಪಿರಲಿ. ‘ಕೆಜಿಎಫ್’ನಂಥ ಮಸಿಗತ್ತಲ ಸಿನಿಮಾಕ್ಕಂತೂ ಎರಡು ದೀಪ ಹಾಕಿ. ಗಣಿಯ ನಟ್ಟನಡುವೆ ನಿಮ್ಮ ಟ್ಯೂಬ್‌ಲೈಟು, ಅದರ ಕೆಳಗೆ ಸೋಫಾದಲ್ಲಿ ಸಾಲಾಗಿ ಕೂತ ನೀವೆಲ್ಲ ಚೆನ್ನಾಗಿ ಕಾಣುತ್ತೀರಿ.

ಸದ್ದಿನ ವಿಷಯದಲ್ಲಿ ತಯಾರಕರೇ ಅರ್ಧ ಕೆಲಸ ಮುಗಿಸಿಕೊಟ್ಟಿದ್ದಾರೆ. ಚಪ್ಪಟೆ ಟೀವಿಗಳ ಸ್ಪೀಕರ್ ಸಾಮಾನ್ಯವಾಗಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಆದ್ದರಿಂದ ಮಾತೆಲ್ಲ ಗೋಡೆಗೆ ಕೇಳಿಸುತ್ತದೆ. ನೀವು ಮಾಡಬೇಕಾದ್ದು ಇಷ್ಟೇ: ಪಿಸುಮಾತು ಬಂದಾಗ ವಾಲ್ಯೂಮ್ ನಲವತ್ತಕ್ಕೆ ಏರಿಸಿ, ಹೊಡೆದಾಟ ಶುರುವಾಗಿ ಪಕ್ಕದ ಮನೆಯ ನಾಯಿ ಬೊಗಳಿದ ಮೇಲೆ ಹನ್ನೆರಡಕ್ಕೆ ಇಳಿಸಿ. ನೀವು ಸದಾ ಒಂದು ದೃಶ್ಯ ಹಿಂದಿರಬೇಕು. ಮಿಕ್ಸಿಗೆ ಮುಹೂರ್ತವನ್ನು ಹೀಗೇ ನೋಡಿ. ನಾಯಕಿ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಬಾಯಿ ತೆರೆದಳೋ, ಆಗ ಚಟ್ನಿಗೆ ಹಾಕಿ.

ತಿಂಡಿಯಲ್ಲಿ ಕಲ್ಪನೆ ಬಳಸಿ. ಪಾಪ್‌ಕಾರ್ನ್ ಯಾರು ಬೇಕಾದರೂ ಮಾಡುತ್ತಾರೆ. ಸಿನಿಮಾದೊಳಗಿನವರು ತಿನ್ನುವುದನ್ನೇ ನೋಡುವವರಿಗೂ ಕೊಡುವುದು ನನ್ನ ಪದ್ಧತಿ. 1974ರ ‘ಭೂತಯ್ಯನ ಮಗ ಅಯ್ಯು’ ಹಾಕಿದ ರಾತ್ರಿ ಒಬ್ಬೊಬ್ಬರ ಮುಂದೂ ಒಂದೊಂದು ಬಟ್ಟಲು ಮಾವಿನ ಉಪ್ಪಿನಕಾಯಿ ಇಟ್ಟೆ. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ಆ ದೃಶ್ಯವನ್ನು ನೋಡಿದ ಯಾರೂ ಮರೆತಿಲ್ಲ, ಅವರ ಜೊತೆಜೊತೆಗೇ ಚಪ್ಪರಿಸುವುದು ಕಾರ್ಯಕ್ರಮ. ಭಾವ ಪಂದ್ಯ ಕಟ್ಟಿ ಐದು ಹೋಳು ತಿಂದರು. ನೀರಿಗೆಂದು ಏಳು ಸಲ, ಆಮೇಲೆ ಮಜ್ಜಿಗೆಗೆಂದು ನಾಲ್ಕು ಸಲ ಸಿನಿಮಾ ನಿಲ್ಲಿಸಬೇಕಾಯಿತು. ಉಳಿದದ್ದನ್ನು ಮುಂದಿನ ವಾರ ನೋಡೋಣ ಎಂದು ಎದ್ದೆವು. ಯಾವ ವಾರ ಎಂದು ನಾನು ಹೇಳಲಿಲ್ಲ. ನೀವೂ ಹೇಳಬೇಡಿ.

ಭಾವನನ್ನು ಸೋಫಾದ ಮಧ್ಯದಲ್ಲಿ ಕೂರಿಸಿ. ಇದು ಇಡೀ ವಿಧಾನದ ತಿರುಳು. ಮೂಲೆಯಲ್ಲಿ ಕೂರಿಸಿದರೆ ಅವರ ಮಾತು ಇಬ್ಬರಿಗಷ್ಟೇ ಕೇಳುತ್ತದೆ. ಹೆಸರುಪಟ್ಟಿ ಓಡುತ್ತಿರುವಾಗಲೇ ಕೇಳಿ: ‘ಭಾವ, ಇದು ಒರಿಜಿನಲ್ಲಾ?’ ಅಷ್ಟು ಸಾಕು, ಮಿಕ್ಕಿದ್ದು ಅವರು ನೋಡಿಕೊಳ್ಳುತ್ತಾರೆ. 1993ರಲ್ಲಿ ಫಾಝಿಲ್ ಮಲಯಾಳದಲ್ಲಿ ‘ಮಣಿಚಿತ್ರತಾಳ್’ ಮಾಡಿದ್ದು, ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದದ್ದು, 2004ರಲ್ಲಿ ಪಿ. ವಾಸು ಅದನ್ನು ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದದ್ದು, ಮರುವರ್ಷ ಅವರೇ ರಜನೀಕಾಂತ್ ಹಾಕಿಕೊಂಡು ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದ್ದು, 2007ರಲ್ಲಿ ಹಿಂದಿಯ ‘ಭೂಲ್ ಭುಲೈಯಾ’. ಒಂದೊಂದು ಭಾಷೆಗೂ ಒಂದೊಂದು ಸಲ ಪಾಝ್ ಒತ್ತಿ, ಹೋಲಿಕೆಗೆ ಮೊಬೈಲಿನಲ್ಲಿ ಆಯಾ ಭಾಷೆಯ ಅದೇ ಹಾಡು ಹಾಕಿಸಿ.

ಮನೆಯಲ್ಲಿ ಈ ಸಿನಿಮಾ ನೋಡದ ಒಂದು ಮಗು ಇದ್ದೇ ಇರುತ್ತದೆ. ಅದು ಬಾಯಿ ತೆರೆದು, ಮೊಣಕಾಲು ಅಪ್ಪಿಕೊಂಡು, ಮುಚ್ಚಿದ ಕೋಣೆಯ ಬಾಗಿಲನ್ನೇ ನೋಡುತ್ತಿರುತ್ತದೆ. ‘ಪುಟ್ಟಿ, ಗೆಜ್ಜೆ ಸದ್ದು ಯಾರ್ದು ಗೊತ್ತಾ? ಭೂತ ಅಲ್ಲ ಕಣೇ. ಈ ಗಂಗಾನೇ ನಾಗವಲ್ಲಿ ಅಂದ್ಕೊಂಡಿರ್ತಾಳೆ,’ ಎಂದು ಭಾವ ಹೇಳುವುದು ಈ ಘಟ್ಟದಲ್ಲಿ. ತಡೆಯಬೇಡಿ. ಗುಟ್ಟು ಬಚ್ಚಿಟ್ಟುಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದಲ್ಲ, ಅವರಿಗೆ ಬಿಪಿ ಬೇರೆ ಇದೆ. ಪುಟ್ಟಿ ಮೊಣಕಾಲು ಬಿಟ್ಟು, ಟ್ಯಾಬ್ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಸೋಫಾದಲ್ಲಿ ಒಂದು ಜಾಗ ಖಾಲಿಯಾಯಿತು, ಕಾಲು ಚಾಚಿ. ಮುಂದೆ ಗಂಗಾ ಆಗಿರುವ ಸೌಂದರ್ಯ ಮನಸಾರೆ ನಗುವ ಒಂದು ದೃಶ್ಯ ಬಂದಾಗ, ಈ ಚಿತ್ರ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್‌ನಲ್ಲಿ, ಆಕೆ ವಿಮಾನ ದುರಂತದಲ್ಲಿ ಹೋಗಿಬಿಟ್ಟರು ಎಂದು ಯಾರಾದರೂ ನೆನಪಿಸಲಿ. ಆಮೇಲೆ ಸ್ವಲ್ಪ ಹೊತ್ತು ಯಾರಿಗೂ ಕಥೆ ಬೇಕಾಗುವುದಿಲ್ಲ. ಕಾಫಿಗೆ ಇಡಿ.

ಇಷ್ಟು ಕೈಗೂಡಿದ ಮೇಲೆ ತಾರಸಿಗೆ ಬನ್ನಿ. ಹೊಸಬರು ಒಮ್ಮೆಲೇ ಇದಕ್ಕೆ ಕೈ ಹಾಕಬೇಡಿ. ಪೆಟ್ಟಿಗೆಯ ಮೇಲೆ ಬರೆದ ಲ್ಯುಮೆನ್ನನ್ನು ದೇವರ ಮಾತೆಂದು ನಂಬಿ ಅಗ್ಗದ ಪ್ರೊಜೆಕ್ಟರ್ ಕೊಳ್ಳಿ. ಬಟ್ಟೆ ಒಣಹಾಕುವ ತಂತಿಗೆ ಬೆಡ್‌ಶೀಟ್ ಹಾಕಿ ಕ್ಲಿಪ್ ಸಿಕ್ಕಿಸಿ, ಬಿಳಿಯದಕ್ಕಿಂತ ಸಣ್ಣ ಹೂವಿನದು ಮೇಲು, ಕೊಳೆ ಕಾಣುವುದಿಲ್ಲ. ಡಿಸೆಂಬರೇ ಸರಿಯಾದ ಕಾಲ. ಬೆಂಗಳೂರಿನ ಚಳಿಗೆ ಕಂಬಳಿ ಬೇಕು, ಕಂಬಳಿ ಆರು ಜನಕ್ಕೆ ಎರಡೇ ಇರಬೇಕು. ಗಾಳಿ ಬೀಸಿದಾಗ ಅರಮನೆ ಉಬ್ಬುತ್ತದೆ, ಇಳಿಯುತ್ತದೆ, ಮಲಗಿದವರು ಉಸಿರಾಡಿದ ಹಾಗೆ. ಭೂತದ ಸಿನಿಮಾಕ್ಕೆ ಇಷ್ಟು ಒಳ್ಳೆಯ ಗ್ರಾಫಿಕ್ಸ್ ಬೇರೆಲ್ಲೂ ಸಿಗದು. ನಾವು ಹಾಗೆ ಹಾಕಿದ ರಾತ್ರಿ ಪ್ರೊಜೆಕ್ಟರಿನ ಬೆಳಕಿಗೆ ಒಂದು ಚಿಟ್ಟೆಹುಳ ಬಂದು ಕೂತಿತು. ವಿಷ್ಣುವರ್ಧನ್ ಕಿವಿಯಿಂದ ಆನೆ ಕಿವಿಯಷ್ಟು ದೊಡ್ಡ ರೆಕ್ಕೆ ಬಿಚ್ಚಿಕೊಂಡಿತು. ಓಡಿಸಲು ಎದ್ದ ನನ್ನ ತಲೆಯ ನೆರಳು ಇನ್ನೂ ದೊಡ್ಡದಾಗಿ ಬಿತ್ತು, ಹಿಂದಿನಿಂದ ‘ಏಯ್ ಕೂತ್ಕೊಳ್ಳೋ’ ಎಂಬ ಕೂಗು ಬಂತು. ಟೆಂಟ್ ಸಿನಿಮಾದ ಆ ಕೂಗಿಗಾಗಿ ಹಂಬಲಿಸುವವರು ನೂರಾರು ರೂಪಾಯಿ ಸುರಿದು ಮಲ್ಟಿಪ್ಲೆಕ್ಸಿಗೆ ಹೋಗಿ ನಿರಾಶರಾಗುತ್ತಾರೆ. ಒಂದೇ ಎಚ್ಚರಿಕೆ: ಬೆಡ್‌ಶೀಟ್ ತೆಳ್ಳಗಿದ್ದರೆ ಎದುರು ಮನೆಯವರು ತಮ್ಮ ತಾರಸಿಯಿಂದ ಹಿಂಬದಿಯ ಚಿತ್ರ ನೋಡುತ್ತಾರೆ. ಅಕ್ಷರಗಳೆಲ್ಲ ತಿರುಗಾಮುರುಗಾ ಇದ್ದರೂ ಅವರಿಗೆ ಬೇಸರವಿಲ್ಲ. ನಾವು ಅರ್ಧಕ್ಕೆ ನಿಲ್ಲಿಸಿದಾಗ, ‘ಯಾಕೆ ಸಾರ್, ಕರೆಂಟ್ ಹೋಯ್ತಾ?’ ಎಂದು ಅಲ್ಲಿಂದ ಕೇಳಿದರು. ಮುಂದಿನ ಸಲ ದಪ್ಪ ಬೆಡ್‌ಶೀಟ್ ಹಾಕಿ.

ನಿದ್ದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರಿಗೂ ಬರುತ್ತದೆ. ಆದರೆ ಮಲಗುವ ಮೊದಲು ಟೀವಿ ಆರಿಸಿ. ಆರು ವರ್ಷದಲ್ಲಿ ನಾನು ಮಾಡಿದ ಒಂದೇ ತಪ್ಪು, ಅದನ್ನು ಆರಿಸದೆ ಬಿಟ್ಟದ್ದು.

‘ಆಪ್ತಮಿತ್ರ’ ಓಡುತ್ತಿದ್ದ ಆ ರಾತ್ರಿ ಹನ್ನೆರಡೂಕಾಲರ ಹೊತ್ತಿಗೆ ಭಾವ ಸೋಫಾದಲ್ಲಿ ಗೊರಕೆಗೆ ಬಿದ್ದಿದ್ದರು, ರಿಮೋಟ್ ಅವರ ಬೆನ್ನಿನ ಕೆಳಗೆ ಸಿಕ್ಕಿಕೊಂಡಿತ್ತು. ನಾನೂ ಗೋಡೆಗೊರಗಿ ಹಾಗೇ ಕಣ್ಣು ಮುಚ್ಚಿದೆ. ಮೂಲೆಯ ಕುರ್ಚಿಯಲ್ಲಿ ಅಮ್ಮ, ತೊಡೆಯ ಮೇಲೆ ಮೊರ, ಮೊರದ ತುಂಬ ಅವರೆಕಾಯಿ. ಅವರನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಕಾಫಿ ಸೋಸುತ್ತ ಅವರು, ‘ಮನುಷ್ಯನ ಜಾಗದಲ್ಲಿ ಗೊಂಬೆ ಇಟ್ಟು ಎಷ್ಟ್ ಚೆನ್ನಾಗಿ ಯಾಮಾರಿಸಿದ ನೋಡು ಆ ಡಾಕ್ಟ್ರು,’ ಎಂದರು. ಪುಟ್ಟಿ ಟ್ಯಾಬ್ ಕೆಳಗಿಟ್ಟು, ‘ಆಮೇಲೇನಾಯ್ತಜ್ಜಿ?’ ಎಂದು ಅವರ ಪಕ್ಕ ಹೋಗಿ ಕೂತಳು. ಅಮ್ಮ ಮೊದಲಿಂದ ಶುರು ಮಾಡಿದರು. ಸೋಸಿದ ಕಾಫಿ ಆರುತ್ತಿತ್ತು, ಭಾವ ಕೂಡ ಬಾಯಿ ಬಿಡದೆ ಕೇಳುತ್ತಿದ್ದರು.

ತಪ್ಪು ಎಲ್ಲಾಯಿತೆಂದು ಆಮೇಲೆ ಹೊಳೆಯಿತು. ಅವರೆಕಾಯಿ ಸುಲಿಯಲು ಬೆರಳು ಸಾಕು, ಕಣ್ಣು ಬೇಕಿಲ್ಲ. ನೀವು ಅದೇ ಮೊರಕ್ಕೆ ಅಕ್ಕಿ ಸುರಿದು, ಕನ್ನಡಕ ಕೈಗೆ ಕೊಟ್ಟು, ಕಲ್ಲು ಆರಿಸಲು ಕೂರಿಸಿ. ಈಗಿನ ಅಕ್ಕಿಯಲ್ಲಿ ಕಲ್ಲು ಇರುವುದಿಲ್ಲ. ನಾಲ್ಕು ನೀವೇ ಹಾಕಿ.