ಚುಕ್ಕಿ ಎಣಿಸುವ ಚಾಕುಶಾಸ್ತ್ರ

ಹಳೆಯ ಮಡಿಚು ಚಾಕುಗಳ ಸಂಗ್ರಾಹಕನೆಂದರೆ, ಕಪಾಟಿನ ತುಂಬ ಚಾಕುಗಳಿದ್ದೂ ಸೇಬು ಹೆಚ್ಚಲು ಅಡುಗೆಮನೆಯ ಚಾಕುವನ್ನೇ ಕೇಳಿ ಪಡೆಯುವ ಜೀವಿ ಎಂದು ಸ್ಥೂಲವಾಗಿ ವ್ಯಾಖ್ಯಾನಿಸಬಹುದು. ಅವನ ಅಧ್ಯಯನವೆಲ್ಲ ‘ಟ್ಯಾಂಗ್’ನ ಮೇಲೆ, ಅಂದರೆ ಅಲಗು ಹಿಡಿಗೆ ಸೇರುವೆಡೆಯ ಹರಿತವಿಲ್ಲದ ಭಾಗದ ಮೇಲೆ ನಡೆಯುತ್ತದೆ, ತಯಾರಕರ ಮುದ್ರೆ ಇರುವುದು ಅಲ್ಲಿಯೇ. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನ ಕೇಸ್ ಕಂಪನಿಯು 1970ರಲ್ಲಿ ಈ ಮುದ್ರೆಯ ಕೆಳಗೆ ಹತ್ತು ಚುಕ್ಕಿಗಳನ್ನಿಟ್ಟು, ವರ್ಷಕ್ಕೊಂದರಂತೆ ಕಳೆಯುತ್ತ ಬಂದು, 1979ಕ್ಕೆ ಒಂದನ್ನೇ ಉಳಿಸಿದ್ದರಿಂದ, ಏಳು ಚುಕ್ಕಿಯಾದರೆ 1973, ಆರಾದರೆ 1974 ಎಂಬ ಲೆಕ್ಕ ಸುಲಭವಾಗಿಯೇ ಇದೆ. ಆದರೆ ಏಳನೆಯದು ಚುಕ್ಕಿಯೋ ತುಕ್ಕೋ ಎಂದು ಭೂತಗನ್ನಡಿ ಹಿಡಿದು ಊಟ ಮರೆತು ಕೂರುವುದೂ ಈ ಶಾಸ್ತ್ರದ ಅಂಗವೇ ಆಗಿದೆ. ಅದೇ ಕಂಪನಿಯ 6254 ಎಂಬ ಮಾದರಿ ಸಂಖ್ಯೆಯಲ್ಲಿ 6 ಗೀರು ಕೆತ್ತಿದ ಮೂಳೆಯ ಹಿಡಿಯನ್ನೂ, 2 ಅಲಗುಗಳ ಸಂಖ್ಯೆಯನ್ನೂ, 54 ‘ಟ್ರ್ಯಾಪರ್’ ಎಂಬ ವಿನ್ಯಾಸವನ್ನೂ ಸೂಚಿಸುತ್ತದೆಂದು ನಿದ್ದೆಯಲ್ಲೂ ಒಪ್ಪಿಸುವ ಸಂಗ್ರಾಹಕನಿಗೆ ಹೆಂಡತಿಯ ಫೋನ್ ನಂಬರು ಮಾತ್ರ ನೆನಪಿರುವುದಿಲ್ಲ.

ಹೊಳಪಿಗೆಂದು ಉಜ್ಜಿದರೆ ಮುದ್ರೆ ಸವೆದು ಬೆಲೆ ಇಳಿಯುತ್ತದೆ, ಸಾಣೆ ಹಿಡಿದರೆ ಅಲಗು ಸವೆದು ಮತ್ತಷ್ಟು ಇಳಿಯುತ್ತದೆ. ಹೀಗಾಗಿ ಹುಟ್ಟಿದಂದಿನಿಂದ ಒಂದು ದಾರವನ್ನೂ ಕತ್ತರಿಸದ ಚಾಕುವಿಗೆ, ಒಂದು ದಿನವೂ ದುಡಿಯದೆ ಪೂರ್ಣ ಪಿಂಚಣಿ ಪಡೆಯುವ ನೌಕರನಂತೆ, ಅಗ್ರಮರ್ಯಾದೆ ಸಲ್ಲುತ್ತದೆ. ಅಂಚೆಯಲ್ಲಿ ಬಂದ ಚಾಕುವಿನ ಪೊಟ್ಟಣವನ್ನು ಬಿಚ್ಚಲು ಸಂಗ್ರಾಹಕನು ಹಲ್ಲನ್ನೇ ಬಳಸುತ್ತಾನೆ. ಹಲ್ಲಿಗೆ ಸಂಗ್ರಹಮೌಲ್ಯವಿಲ್ಲದಿರುವುದೇ ಇದಕ್ಕೆ ಕಾರಣವೆಂದು ಊಹಿಸಬಹುದು.