ಪ್ಲಸ್-ಮೈನಸ್: ಮರುಪ್ರವೇಶದ ಶಾಖ ಲೆಕ್ಕಹಾಕುವವರಿಗೆ ಬಳಕೆಯ ಕೈಪಿಡಿ

ಅಭಿನಂದನೆಗಳು. ಬಾಹ್ಯಾಕಾಶದಿಂದ ಮರಳುವ ನೌಕೆಯ ಮೂತಿಗೆ ಎಷ್ಟು ಶಾಖ ತಟ್ಟುತ್ತದೆಂದು ಹೇಳುವ ಹೊಣೆ ಈಗ ನಿಮ್ಮ ಹೆಗಲಿಗೆ ಬಿದ್ದಿದೆ. ಡಬ್ಬಿ ಬಿಚ್ಚಿ ಸಾಮಾನು ಸರಿಯಾಗಿದೆಯೇ ನೋಡಿಕೊಳ್ಳಿ: ಒಂದು ಕಂಪ್ಯೂಟರ್ ಪ್ರೋಗ್ರಾಂ, ಬಿಸಿಗಾಳಿಯ ರಾಸಾಯನಿಕ ಕ್ರಿಯೆಗಳ ವೇಗದ ಪಟ್ಟಿ, ಒಂದು ಪ್ಲಸ್-ಮೈನಸ್ ಚಿಹ್ನೆ. ಕೊನೆಯದು ಇಲ್ಲದಿದ್ದರೆ ಡಬ್ಬಿಯನ್ನು ವಾಪಸ್ ಮಾಡಿ.

ಹಂತ 1. ಪ್ರೋಗ್ರಾಂ ಮುಟ್ಟುವ ಮುನ್ನ ಪೆನ್ನು ಹಿಡಿಯಿರಿ. ಸಟನ್ ಮತ್ತು ಗ್ರೇವ್ಸ್ 1971ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಮೂತಿಯ ತುದಿಗೆ ಗಾಳಿಯಿಂದ ತಟ್ಟುವ ಶಾಖ ವೇಗದ ಘನಕ್ಕೂ ಸಾಂದ್ರತೆಯ ವರ್ಗಮೂಲಕ್ಕೂ ಅನುಗುಣವಾಗಿರುತ್ತದೆ. ಅಂದರೆ ವೇಗದಲ್ಲಿ ಶೇ. 1 ತಪ್ಪಿದರೆ ಶಾಖದಲ್ಲಿ ಶೇ. 3 ತಪ್ಪುತ್ತದೆ, ಸಾಂದ್ರತೆಯಲ್ಲಿ ಶೇ. 10 ತಪ್ಪಿದರೂ ಶಾಖದಲ್ಲಿ ತಪ್ಪುವುದು ಶೇ. 5ರಷ್ಟೇ. ಹಾಗೆಂದು ಸಾಂದ್ರತೆಯನ್ನು ಹಗುರವಾಗಿ ಕಾಣಬೇಡಿ. ವೇಗವನ್ನು ರೇಡಾರ್ ಅಳೆದುಕೊಡುತ್ತದೆ. ಮೇಲಿನ ವಾಯುಮಂಡಲ ಅಂದು ಎಷ್ಟು ದಟ್ಟವಾಗಿತ್ತೆಂಬುದು ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ.

ಹಂತ 2 ಬೇಸರದ ಕೆಲಸ, ಆದರೂ ಬಿಡುವಂತಿಲ್ಲ. ಒಂದೇ ಲೆಕ್ಕವನ್ನು ಗಾಳಿಯನ್ನು ಪುಟ್ಟ ಕೋಶಗಳಾಗಿ ಹಂಚುವ ಒರಟು, ನಡು, ನಯ ಎಂಬ ಮೂರು ಗ್ರಿಡ್‌ಗಳ ಮೇಲೆ ಮಾಡಿ. ಗ್ರಿಡ್ ಬದಲಾದಂತೆ ಶಾಖವೂ ಬದಲಾಗುತ್ತಿದ್ದರೆ ಆ ವ್ಯತ್ಯಾಸ ನಿಮ್ಮ ಕಂಪ್ಯೂಟರಿನದು, ಆಕಾಶದ್ದಲ್ಲ. ಮೂತಿಯ ಮುಂದಿನ ಆಘಾತ ತರಂಗದಲ್ಲಿ ಕುರುವಿನಂಥ ಉಬ್ಬು ಕಂಡರೆ ಹೊಸ ಭೌತಶಾಸ್ತ್ರ ಸಿಕ್ಕಿತೆಂದು ಹಿಗ್ಗಬೇಡಿ. ಕೆಲವು ಗಣನಾ ವಿಧಾನಗಳಿಗೆ ಅದು ಹಳೆಯ ಕಾಯಿಲೆ.

ಹಂತ 3. ನಿಮ್ಮ ಅಜ್ಞಾನವನ್ನು ಎರಡು ಬುಟ್ಟಿಗಳಿಗೆ ವಿಂಗಡಿಸಿ. ದಿನದಿಂದ ದಿನಕ್ಕೆ ತಾನಾಗಿ ಏರಿಳಿಯುವುದು ಒಂದರಲ್ಲಿ, ನಮಗೆ ತಿಳಿಯದೇ ಇರುವುದು ಇನ್ನೊಂದರಲ್ಲಿ. ಸಾಂದ್ರತೆಯ ಏರಿಳಿತ ಮೊದಲನೆಯ ಬುಟ್ಟಿಗೆ ಸೇರಿದ್ದು. ಎರಡನೆಯದಕ್ಕೆ ನೌಕೆಯ ಶಾಖ ಕವಚದ ಮೇಲ್ಮೈ ಒಳ್ಳೆಯ ಉದಾಹರಣೆ: ಆಘಾತ ತರಂಗದ ಹಿಂದಿನ ಕಾವಿಗೆ ಆಕ್ಸಿಜನ್ ಅಣುಗಳು ಒಡೆದು ಪರಮಾಣುಗಳಾಗುತ್ತವೆ. ಅವು ಕವಚದ ಮೈಮೇಲೆ ಮತ್ತೆ ಜೋಡಿಯಾದರೆ, ಒಡೆಯುವಾಗ ನುಂಗಿದ್ದ ಶಕ್ತಿಯನ್ನು ಅಲ್ಲೇ ಕಕ್ಕುತ್ತವೆ. ಎಷ್ಟು ಪಾಲು ಜೋಡಿಯಾಗುತ್ತದೆ? ಸೊನ್ನೆಗೂ ಒಂದಕ್ಕೂ ನಡುವೆ ಎಲ್ಲೋ. ಇದಕ್ಕೆ ಗಂಟೆಯಾಕಾರದ ಚೆಂದದ ವಕ್ರರೇಖೆ ಬರೆಯುವುದನ್ನು ಕಾನೂನು ತಡೆಯುವುದಿಲ್ಲ, ಮರ್ಯಾದೆ ತಡೆಯಬೇಕು. ಕವಚ ದಾಳ ಉರುಳಿಸುತ್ತಿಲ್ಲ, ನಮಗೆ ಗೊತ್ತಿಲ್ಲ ಅಷ್ಟೆ. ಆ ತುದಿ, ಈ ತುದಿ ಎರಡನ್ನೂ ಬರೆದು ಸುಮ್ಮನಿರಿ.

ಹಂತ 4. ಲೆಕ್ಕಕ್ಕೆ ಕೊಡುವ ಅಂಕಿಗಳನ್ನೆಲ್ಲ ಕಲಕಿ ಸಾವಿರಾರು ಸಲ ಓಡಿಸುವುದು ಮಾಂಟೆ ಕಾರ್ಲೊ ವಿಧಾನ. ಒಂದೊಂದು ಓಟಕ್ಕೂ ಸೂಪರ್ ಕಂಪ್ಯೂಟರ್ ದಿನಗಟ್ಟಲೆ ತೆಗೆದುಕೊಂಡರೆ, ಕೆಲವೇ ಓಟಗಳಿಗೆ ಬಹುಪದಿಯೊಂದನ್ನು ಹೊಂದಿಸಿ, ಸಾವಿರದ ಆಟವನ್ನು ಅದರ ಮೇಲೆ ಆಡಿ.

ಎಚ್ಚರಿಕೆ (ಯಾರೂ ಓದದ ಪುಟ). ಈ ಯಂತ್ರ ನೀವು ಪಟ್ಟಿಯಲ್ಲಿ ಬರೆದುಕೊಟ್ಟ ಅನಿಶ್ಚಿತತೆಯನ್ನು ಮಾತ್ರ ಅಳೆಯುತ್ತದೆ. 1981ರ ಏಪ್ರಿಲ್‌ನಲ್ಲಿ ಕೊಲಂಬಿಯಾ ಶಟಲ್ ಮೊದಲ ಸಲ ಮರಳಿದಾಗ, ಅದರ ಮೂತಿಯನ್ನು ಸರಿಯಾದ ಕೋನದಲ್ಲಿ ನಿಲ್ಲಿಸಲು ಬಾಲದಡಿಯ ಫ್ಲ್ಯಾಪ್ ಅಂದಾಜಿಗಿಂತ ಸುಮಾರು ಇಮ್ಮಡಿ, ಅಂದರೆ 16 ಡಿಗ್ರಿಯಷ್ಟು ಬಾಗಬೇಕಾಯಿತು. ಆ ಅಂದಾಜು ಬಂದದ್ದು ಗಾಳಿ ಸುರಂಗದಿಂದ; ಅಲ್ಲಿನ ತಣ್ಣನೆಯ ಗಾಳಿಗೆ ಒಡೆದ ಅಣುಗಳ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಪುಣ್ಯಕ್ಕೆ ಫ್ಲ್ಯಾಪ್ ಬಾಗಲು ಇನ್ನೂ ಜಾಗವಿತ್ತು.

ಗೆಲಿಲಿಯೊ ಶೋಧಕದ್ದು ಇನ್ನೊಂದು ಬಗೆ. 1995ರ ಡಿಸೆಂಬರ್ 7ರಂದು ಅದು ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಗುರುಗ್ರಹಕ್ಕೆ ನುಗ್ಗಿತು. ಕವಚವೇ 152 ಕೆ.ಜಿ.; ಅರ್ಧಕ್ಕಿಂತ ಹೆಚ್ಚು ಸವೆದುಹೋಯಿತು. ಅದಲ್ಲ ಅಚ್ಚರಿ. ತುದಿಯಲ್ಲಿ ಸವೆದದ್ದು ಲೆಕ್ಕಕ್ಕಿಂತ ಕಡಿಮೆ, ಕವಚದ ಭುಜದ, ಅಂದರೆ ಅಂಚಿನ, ಕಡೆ ಸವೆದದ್ದು ಲೆಕ್ಕಕ್ಕಿಂತ ಹೆಚ್ಚು. ಒಟ್ಟು ಮೊತ್ತಕ್ಕೆ ಒಂದೇ ಪ್ಲಸ್-ಮೈನಸ್ ಅಂಟಿಸಿ ಕೂತವರಿಗೆ ಎರಡೂ ಕಡೆ ತಪ್ಪಿರುವುದು ಕಾಣುವುದೇ ಇಲ್ಲ.

ವರದಿಯಲ್ಲಿ ಪ್ಲಸ್-ಮೈನಸ್ ಪಕ್ಕದಲ್ಲೇ, ಅದೇ ದಪ್ಪಕ್ಷರದಲ್ಲಿ, ಯಾವುದನ್ನೆಲ್ಲ ಲೆಕ್ಕಕ್ಕೆ ಸೇರಿಸಿಲ್ಲವೆಂದು ಬರೆಯಿರಿ. ಆ ಸಾಲು ಚೆನ್ನಾಗಿ ಕಾಣುವುದಿಲ್ಲ, ತೆಗೆದುಬಿಡಿ ಎಂದು ಮೇಲಿನವರು ಹೇಳಿದರೆ ಧಾರಾಳವಾಗಿ ತೆಗೆಯಿರಿ. ತೆಗೆಯುವ ಮುಂಚೆ ಅವರ ಸಹಿ ಹಾಕಿಸಿಕೊಳ್ಳಿ.