ಶಿಳ್ಳೆಗೆ ರಸೀದಿ ಇಲ್ಲ

2015ರ ಆರಂಭದಲ್ಲಿ ಚೆನ್ನೈನಲ್ಲಿ ಕೆಲವು ಸಿನಿಮಾ ವಿತರಕರು ಉಪವಾಸ ಕೂತರು. ರಜನೀಕಾಂತ್ ನಟಿಸಿದ ‘ಲಿಂಗಾ’ ಕೊಂಡು ಕೈ ಸುಟ್ಟುಕೊಂಡಿದ್ದೇವೆ, ದುಡ್ಡು ವಾಪಸ್ ಕೊಡಿ ಎಂಬುದು ಅವರ ಬೇಡಿಕೆ. ರಜನೀಕಾಂತ್ ಮನೆ ಮುಂದೆ ಭಿಕ್ಷೆ ಎತ್ತುತ್ತೇವೆ ಎಂಬ ಬೆದರಿಕೆಯೂ ಬಂತು. ಸಾಕಷ್ಟು ಎಳೆದಾಟದ ನಂತರ ನಷ್ಟದ ಒಂದು ಪಾಲು ಅವರ ಕೈ ಸೇರಿತು. 2002ರಲ್ಲಿ ‘ಬಾಬಾ’ ನೆಲಕಚ್ಚಿದಾಗಲೂ ರಜನಿ ವಿತರಕರ ನಷ್ಟ ತುಂಬಿಕೊಟ್ಟಿದ್ದರು. ಅಂದರೆ ಸಿನಿಮಾದಲ್ಲಿ ದುಡ್ಡು ಕಳೆದುಕೊಂಡವನಿಗೆ ಉಪವಾಸ, ಸಂಧಾನ, ಕಂತು ಅಂತ ಏನೋ ಒಂದು ದಾರಿ ಉಂಟು. ಅಭಿಮಾನಿಗೆ ಏನುಂಟು? ಬ್ಲ್ಯಾಕಿನಲ್ಲಿ ಕೊಂಡ ಟಿಕೆಟ್ಟು, ಕಟೌಟಿನ ನೆತ್ತಿಯ ಮೇಲೆ ಸುರಿದ ಹಾಲು, ತೆರೆಯ ಮೇಲೆ ಹೆಸರು ಒಂದೊಂದೇ ಅಕ್ಷರವಾಗಿ ಮೂಡುವಾಗ ಹೊಡೆದ ಶಿಳ್ಳೆ, ಇವು ಯಾವ ಲೆಕ್ಕಪುಸ್ತಕಕ್ಕೂ ಹತ್ತುವುದಿಲ್ಲ. ಶಿಳ್ಳೆಗೆ ಯಾರೂ ರಸೀದಿ ಕೊಡುವುದಿಲ್ಲ. ಹಾಗಾಗಿ ಅಭಿಮಾನಿಯ ಪರವಾಗಿ ಒಂದು ನಷ್ಟಪರಿಹಾರದ ಅರ್ಜಿ ಇಲ್ಲಿ ದಾಖಲಾಗಲಿ. ಪರಿಹಾರ ಸಿಗುವುದಿಲ್ಲ ಎಂಬುದು ಗೊತ್ತಿದ್ದರೂ ಸಕಾರಣವಾಗಿ ಗೊಣಗುವ ಹಕ್ಕನ್ನು ಬಿಟ್ಟುಕೊಡಬಾರದು.

ಇಂಥ ಅರ್ಜಿಗೆ ಮೊದಲು ಎದ್ದು ನಿಲ್ಲುವ ತಕರಾರು ಹಳೆಯದೇ. ಕಮರ್ಷಿಯಲ್ ಸಿನಿಮಾ ಕಣ್ರೀ, ಅದರಲ್ಲೂ ತಮಿಳಿನ ಮಾಸ್ ಸಿನಿಮಾ, ಲಾಜಿಕ್ ಹುಡುಕಿಕೊಂಡು ಹೋದವನದೇ ತಪ್ಪು. ಇದನ್ನು ಹೇಳುವವರು ಸಾಮಾನ್ಯವಾಗಿ ರಜನಿ ಸಿನಿಮಾ ನೋಡದವರು. ಸಿಗರೇಟು ಮೇಲಕ್ಕೆ ಚಿಮ್ಮಿ ತಾನಾಗಿ ತುಟಿಗೆ ಬಂದು ಕೂರುವುದನ್ನು 1970ರ ದಶಕದಿಂದ ಒಪ್ಪಿಕೊಂಡು ಬಂದ ಪೈಕಿ ನಾವು. ನಾವು ಲಾಜಿಕ್ ಕೇಳಿದ ದಾಖಲೆ ಇದ್ದರೆ ತೋರಿಸಲಿ. ‘ಲಿಂಗಾ’ದಲ್ಲೇ ಒಂದು ರೈಲಿನ ಪ್ರಸಂಗವಿದೆ. ಫ್ಲ್ಯಾಶ್‌ಬ್ಯಾಕಿನ ಕಾಲ 1939. ಕಲೆಕ್ಟರ್ ರಾಜಾ ಲಿಂಗೇಶ್ವರನ್ ಪುಸ್ತಕವೊಂದನ್ನು ಓದುತ್ತ ಅದರ ನಡುವೆಯೇ ಹೊಡೆದಾಟವನ್ನೂ ಮುಗಿಸುತ್ತಾರೆ. ಪುಸ್ತಕ ಯಾವುದೆಂದರೆ ಜೋಸೆಫ್ ಕ್ಯಾಂಪ್‌ಬೆಲ್‌ನ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’. ಅದು ಅಚ್ಚಾದದ್ದು 1949ರಲ್ಲಿ! ಬೇರೆ ನಟನಾಗಿದ್ದರೆ ಇದನ್ನು ಪ್ರಮಾದ ಅನ್ನಬಹುದಿತ್ತು. ಲೇಖಕ ಬರೆಯುವ ಮೊದಲೇ ಓದಿ ಮುಗಿಸಬಲ್ಲವನನ್ನು ಸೂಪರ್‌ಸ್ಟಾರ್ ಅನ್ನದೆ ಮತ್ತೇನನ್ನಬೇಕು ಅಂತ ನಾವು ಚಪ್ಪಾಳೆ ತಟ್ಟಿದೆವು. ಆದ್ದರಿಂದ ನಮ್ಮ ದೂರು ಲಾಜಿಕ್ಕಿನದಲ್ಲ. ದರ್ಶಿನಿಯಲ್ಲಿ ಮಸಾಲೆ ದೋಸೆ ಮೆತ್ತಗಿದೆ ಅನ್ನುವ ಗಿರಾಕಿಗೆ ‘ಸ್ಟಾರ್ ಹೋಟೆಲಿನ ಊಟ ಬೇಕಿದ್ದರೆ ಅಲ್ಲಿಗೇ ಹೋಗಿ’ ಎಂದರೆ ಅದು ಉತ್ತರವಾಗುವುದಿಲ್ಲ. ಅವನು ಕೇಳಿದ್ದು ದೋಸೆಯನ್ನೇ.

ಗರಿಗರಿ ಎಂದರೇನು ಎಂಬುದನ್ನು ‘ಬಾಷಾ’ ತೋರಿಸಿದೆ. 1995ರ ಈ ಚಿತ್ರವನ್ನು ತಮಿಳು ಬಾರದವರೂ 2001ರಲ್ಲಿ ವಿಷ್ಣುವರ್ಧನ್‌ರ ‘ಕೋಟಿಗೊಬ್ಬ’ವಾಗಿ ನೋಡಿದ್ದಾರೆ. ಎಲ್ಲರೂ ನೆನಪಿಟ್ಟುಕೊಂಡಿರುವುದು ಹೊಡೆತಗಳನ್ನು. ಆದರೆ ಮತ್ತೆ ನೋಡಿದರೆ ಆ ಸಿನಿಮಾದ ಮೊದಲರ್ಧದ ಬಹುಪಾಲು ನಾಯಕ ಹೊಡೆಯುವುದೇ ಇಲ್ಲ. ಆಟೋ ಓಡಿಸುವ ಮಾಣಿಕ್ಕಂ ನಗುತ್ತಾನೆ, ತಗ್ಗುತ್ತಾನೆ, ತಮ್ಮನ ಬದಲು ತಾನೇ ಕಂಬಕ್ಕೆ ಕಟ್ಟಿಸಿಕೊಂಡು ಪೆಟ್ಟು ತಿನ್ನುತ್ತಾನೆ. ತಂಗಿಗೆ ಮೆಡಿಕಲ್ ಸೀಟು ಕೊಡಲು ಕಾಲೇಜಿನ ಯಜಮಾನ ಸತಾಯಿಸುವ ದೃಶ್ಯವಂತೂ ಪಠ್ಯವಾಗಬೇಕಾದದ್ದು. ಮಾಣಿಕ್ಕಂ ಅವನ ಕೋಣೆಯಲ್ಲಿ ಏನೋ ಮಾತಾಡುತ್ತಾನೆ. ನಾವು ತಂಗಿಯ ಜೊತೆ ಗಾಜಿನ ಈಚೆಗೆ ನಿಂತಿದ್ದೇವೆ. ಮಾತು ಕೇಳಿಸುವುದಿಲ್ಲ. ಬೆರಳು ಆಡುವುದು, ನಿಲುವು ಬದಲಾಗುವುದು, ಎದುರಿನವನ ಮುಖ ಬಿಳಿಚಿಕೊಳ್ಳುವುದು ಮಾತ್ರ ಕಾಣುತ್ತದೆ. ಹೊರಬರುವಾಗ ಮತ್ತೆ ಅದೇ ಸಾಧು ಅಣ್ಣ. ಇಡೀ ಚಿತ್ರಮಂದಿರ ಎದ್ದು ಕುಣಿದದ್ದು ಒಂದು ಕೇಳಿಸದ ಮಾತಿಗೆ. ಇದನ್ನೇ ಸಿನಿಮಾದವರು ಬಿಲ್ಡಪ್ಪು ಅನ್ನುವುದು. ಈಗ ಆ ಪದಕ್ಕೆ ಸ್ಲೋ ಮೋಷನ್ ನಡಿಗೆ, ಧೂಳು, ಕಿವಿ ಹರಿಯುವ ಹಿನ್ನೆಲೆ ಸಂಗೀತ ಎಂಬ ಅರ್ಥ ಬಂದುಬಿಟ್ಟಿದೆ. ಅಸಲಿಗೆ ಬಿಲ್ಡಪ್ಪು ಎಂದರೆ ತಡೆದು ಹಿಡಿಯುವುದು. ಮಾಸ್ ಸಿನಿಮಾ ಅತಿರೇಕದ ಕಲೆ ಎಂದು ತಿಳಿದವರು ಅದರ ಅರ್ಧವನ್ನಷ್ಟೇ ನೋಡಿದ್ದಾರೆ. ಕೊಡುವ ಮುನ್ನ ಎಷ್ಟು ಹೊತ್ತು ಕೊಡದೆ ಇರಬಲ್ಲೆ ಎಂಬುದರ ಮೇಲೆ ಆ ಅಂಗಡಿಯ ಇಡೀ ವ್ಯಾಪಾರ ನಿಂತಿದೆ.

‘ಲಿಂಗಾ’ ಕೈಚೆಲ್ಲಿದ್ದು ಇದನ್ನು. ಸರಕಿಗೆ ಬರವಿರಲಿಲ್ಲ ಎಂಬುದೇ ಹೊಟ್ಟೆಯುರಿ. ಬ್ರಿಟಿಷರ ಕೆಲಸ ಬಿಟ್ಟು, ಅರಮನೆಯನ್ನೂ ಕಳೆದುಕೊಂಡು, ಬರಡು ಊರಿಗೆ ಅಣೆಕಟ್ಟು ಕಟ್ಟಿಸುವ ರಾಜ. ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದ ಪೆನ್ನಿಕ್ವಿಕ್ ಸಾಹೇಬ ತನ್ನ ಆಸ್ತಿ ಮಾರಿದ ಕಥೆಯನ್ನು ತೇನಿ, ಮಧುರೈ ಸೀಮೆಯಲ್ಲಿ ಇಂದಿಗೂ ಕೈಮುಗಿದು ಹೇಳುತ್ತಾರೆ. ಕನ್ನಂಬಾಡಿ ಕಟ್ಟೆಗಾಗಿ ಅರಮನೆಯ ಒಡವೆ ಮಾರಾಟವಾಯಿತು ಎಂದು ನಮ್ಮಲ್ಲೂ ಹೇಳುವುದುಂಟು. ನಿರ್ಮಾಪಕರು ನಮ್ಮ ರಾಕ್‌ಲೈನ್ ವೆಂಕಟೇಶ್, ಚಿತ್ರೀಕರಣದ ದೊಡ್ಡ ಪಾಲು ಮೈಸೂರು, ಶಿವಮೊಗ್ಗದ ಕಡೆ. ಅಣೆಕಟ್ಟು ಎಂದರೇನೆಂದು ಹೇಳಿಕೊಡಬೇಕಾದ ಊರುಗಳಲ್ಲ ಇವು. ಅಣೆಕಟ್ಟಿಗಿಂತ ಒಳ್ಳೆಯ ಬಿಲ್ಡಪ್ಪು ಇನ್ನೊಂದಿದೆಯೇ? ಅದರ ಕೆಲಸವೇ ತಡೆದು ಹಿಡಿಯುವುದು! ಫ್ಲ್ಯಾಶ್‌ಬ್ಯಾಕಿನಲ್ಲಿ ಅಲ್ಲಲ್ಲಿ ಆ ತಡೆಯ ಭಾರ ಕಾಣಿಸಿಕೊಳ್ಳುತ್ತದೆ. ಆದರೆ ಅತ್ತಿತ್ತಲಿನ ವರ್ತಮಾನದಲ್ಲಿ ಕಳ್ಳ ಮೊಮ್ಮಗ ಲಿಂಗನಿಗೆ ಯಾವ ಗುಟ್ಟೂ ಇಲ್ಲ, ಕಾಯಬೇಕಾದ್ದೂ ಇಲ್ಲ. ಕೊನೆಗೆ ಬಾಂಬು ಹೊತ್ತ ಬಿಸಿಗಾಳಿಯ ಬಲೂನು ಅಣೆಕಟ್ಟಿನತ್ತ ತೇಲುತ್ತದೆ, ನಾಯಕ ಬೈಕಿನಲ್ಲಿ ಗುಡ್ಡದಿಂದ ಹಾರಿ ಅದರ ಮೇಲೆ ಇಳಿಯುತ್ತಾನೆ. ಭೌತಶಾಸ್ತ್ರದ ಮೇಷ್ಟರು ಇದನ್ನು ಆಕ್ಷೇಪಿಸಿದರೆ ಆಕ್ಷೇಪಿಸಿಕೊಳ್ಳಲಿ. ನಮಗೆ ನೋವಾದದ್ದು ಆ ಹಾರಾಟದಲ್ಲಿ ರಜನಿ ಇರಲಿಲ್ಲ ಎಂಬುದಕ್ಕೆ. ಬೈಕಿತ್ತು, ಬಲೂನಿತ್ತು, ಗ್ರಾಫಿಕ್ಸಿನ ಆಕಾಶವಿತ್ತು. ಅಲ್ಲಿ ಬೇರೆ ಯಾವ ನಟನನ್ನು ಕೂರಿಸಿದ್ದರೂ ಬೈಕು ಅಷ್ಟೇ ದೂರ ಹಾರುತ್ತಿತ್ತು.

ಇಲ್ಲಿ ಇನ್ನೊಬ್ಬರು ಏಳುತ್ತಾರೆ. ‘ಲಿಂಗಾ’ದ ಇದೇ ನಿರ್ದೇಶಕ ಕೆ.ಎಸ್. ರವಿಕುಮಾರ್ ‘ಮುತ್ತು’ ಮಾಡಿದಾಗ, ‘ಪಡಯಪ್ಪ’ ಮಾಡಿದಾಗ ಕುಣಿದವರು ನೀವೇ ಅಲ್ಲವೇ? ಹೌದು, ನಾವೇ. ‘ಮುತ್ತು’ವಿಗೆ ಜಪಾನಿನವರೂ ಕುಣಿದರು, ರುಚಿ ನಮ್ಮದೊಂದೇ ಅಲ್ಲ. ಆದರೆ ‘ಪಡಯಪ್ಪ’ದಲ್ಲಿ ಎಲ್ಲರಿಗೂ ನೆನಪಿರುವ ದೃಶ್ಯದಲ್ಲಿ ಇರುವುದೇನು? ನೀಲಾಂಬರಿಯ ಮನೆಗೆ ಪಡಯಪ್ಪ ಬರುತ್ತಾನೆ. ನೀಲಾಂಬರಿಯಾಗಿ ರಮ್ಯಾ ಕೃಷ್ಣ ಕಾಲಮೇಲೆ ಕಾಲು ಹಾಕಿ ಕೂತಿದ್ದಾರೆ, ಬಂದವನಿಗೆ ಕುರ್ಚಿ ಇಲ್ಲ. ಅವನು ಸುತ್ತ ಒಮ್ಮೆ ನೋಡುತ್ತಾನೆ, ಹೆಗಲ ಮೇಲಿನ ವಸ್ತ್ರ ಬೀಸುತ್ತಾನೆ, ಮೇಲೆ ಕಟ್ಟಿಟ್ಟ ಉಯ್ಯಾಲೆ ಕೆಳಗಿಳಿಯುತ್ತದೆ, ಕೂರುತ್ತಾನೆ. ಬಾಂಬಿಲ್ಲ, ಬೆಟ್ಟವಿಲ್ಲ. ಒಂದು ನಡುಮನೆ, ಒಂದು ಇಲ್ಲದ ಕುರ್ಚಿ, ಅವಮಾನ ಮಾಡಬಲ್ಲ ಎದುರಾಳಿ. ಆ ಎದುರಾಳಿಯ ಕಣ್ಣಲ್ಲಿ ಅಷ್ಟು ಕಿಚ್ಚು ಇಲ್ಲದಿದ್ದರೆ ಆ ವಸ್ತ್ರ ಬರೀ ಬಟ್ಟೆ. ‘ಲಿಂಗಾ’ದ ಖಳನಿಗೆ ಅಣೆಕಟ್ಟು ಒಡೆಯುವ ಯೋಜನೆಯಿದೆ, ನಾಯಕನನ್ನು ನಿಲ್ಲಿಸಿ ಮಾತಾಡಿಸುವ ಗತ್ತಿಲ್ಲ. ಒಂದೇ ನಿರ್ದೇಶಕ, ಒಂದೇ ನಟ. ನೀಲಾಂಬರಿಯ ಕುರ್ಚಿ ಮಾತ್ರ ಖಾಲಿ.

ವಯಸ್ಸಾಯಿತು ಬಿಡಿ ಎಂಬ ಕನಿಕರದ ತಕರಾರಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ‘ಲಿಂಗಾ’ ಬಿಡುಗಡೆಯಾದದ್ದು 2014ರ ಡಿಸೆಂಬರ್ 12ರಂದು, ರಜನಿಗೆ ಅಂದಿಗೆ 64 ತುಂಬಿತ್ತು. ವಯಸ್ಸನ್ನು ವಿಗ್ಗಿನಡಿ ಬಚ್ಚಿಟ್ಟು ಡ್ಯುಯೆಟ್ ಹಾಡಿಸಿದ್ದು ಚಿತ್ರದವರೇ ಹೊರತು ಅಭಿಮಾನಿಗಳು ಕೇಳಿಕೊಂಡದ್ದಲ್ಲ. ಎರಡೇ ವರ್ಷದಲ್ಲಿ ಪಾ. ರಂಜಿತ್ ಅದೇ ಮನುಷ್ಯನನ್ನು ಬಿಳಿಗಡ್ಡದಲ್ಲಿ ಕೋಟು ತೊಡಿಸಿ ‘ಕಬಾಲಿ’ ಮಾಡಿ ನಿಲ್ಲಿಸಿದಾಗ ಯಾರೂ ಜನನ ಪ್ರಮಾಣಪತ್ರ ಕೇಳಲಿಲ್ಲ. ನಡಿಗೆಗೆ ವಯಸ್ಸಾಗುವುದಿಲ್ಲ. 1975ರಲ್ಲಿ ನಿರ್ದೇಶಕ ಬಾಲಚಂದರ್ ‘ಅಪೂರ್ವ ರಾಗಂಗಳ್’ನಲ್ಲಿ, ಬೆಂಗಳೂರಿನ ಬಸ್ಸಿನಿಂದ ಇಳಿದು ಹೋಗಿ ಹೆಚ್ಚು ಕಾಲವಾಗಿರದ ಕಂಡಕ್ಟರ್ ಹುಡುಗನಿಗೆ ಮೊದಲ ಶಾಟಿನಲ್ಲಿ ಕೊಟ್ಟ ಕೆಲಸವೆಂದರೆ ಗೇಟು ತಳ್ಳಿ ಒಳಬರುವುದು. ಅಷ್ಟೇ. ಆ ಗೇಟಿನ ಬಂಡವಾಳದಲ್ಲಿ ಅರ್ಧ ಶತಮಾನದ ವ್ಯಾಪಾರ ನಡೆದಿದೆ.

ಕೊನೆಯ ತಕರಾರು ನಮ್ಮವರದೇ. ನಿಜವಾದ ಅಭಿಮಾನಿ ದೂರುವುದಿಲ್ಲ, ತಲೈವರ್ ರಜನಿ ಕಂಡರೆ ಸಾಕು. ಕಂಡರೆ ಸಾಕು ಎಂದಾದರೆ ಕಟೌಟೇ ಸಾಕಿತ್ತು. ಅದಕ್ಕೆ ಕಥೆಯ ಕಾಟವಿಲ್ಲ, ಮೂರು ಗಂಟೆ ಕೂರಬೇಕಾಗಿಯೂ ಇಲ್ಲ. ಎಲ್ಲದಕ್ಕೂ ಹೊಡೆಯುವ ಶಿಳ್ಳೆಗೂ ಪ್ರೆಶರ್ ಕುಕ್ಕರಿನದಕ್ಕೂ ವ್ಯತ್ಯಾಸ ಉಳಿಯಬೇಕಲ್ಲ? ಎಲ್ಲಿ ಸುಮ್ಮನಿರಬೇಕೆಂದು ಅಭಿಮಾನಿಗೆ ಗೊತ್ತಿದ್ದರೆ ತಾನೇ ಎಲ್ಲಿ ತಡೆಯಬೇಕೆಂದು ಸಿನಿಮಾದವರಿಗೆ ತಿಳಿಯುವುದು. ತಿಳಿದಾಗ ಏನಾಗುತ್ತದೆಂಬುದಕ್ಕೆ 2023ರ ‘ಜೈಲರ್’ ಇದೆ. ಅಲ್ಲಿ ಮನೆಯವರಿಂದ ಹಗುರವಾಗಿ ಮಾತಾಡಿಸಿಕೊಳ್ಳುವ ನಿವೃತ್ತ ಮುದುಕನಾಗಿ ರಜನಿ ಬಹಳ ಹೊತ್ತು ತಣ್ಣಗೆ ಕೂರುತ್ತಾರೆ. ನಮ್ಮ ಶಿವಣ್ಣನಂತೂ ನರಸಿಂಹನಾಗಿ ತೆರೆಯ ಮೇಲಿರುವುದು ಕೆಲವೇ ನಿಮಿಷ. ಅವರ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬಲಿಕ್ಕಿಲ್ಲ. ಆ ನಿಮಿಷಗಳಿಗೆ ಕರ್ನಾಟಕದ ಚಿತ್ರಮಂದಿರಗಳಲ್ಲಿ ಎದ್ದ ಗದ್ದಲ ಬಲೂನಿಗೆ ಎದ್ದಿರಲಿಲ್ಲ. ‘ಜೈಲರ್’ ಕೂಡ ಕುಂದಿಲ್ಲದ್ದೇನಲ್ಲ. ದ್ವಿತೀಯಾರ್ಧದಲ್ಲಿ ಕಿರೀಟ ಕದಿಯುವ ಪ್ರಸಂಗ ನಡೆಯುವಷ್ಟರಲ್ಲಿ ಕ್ಯಾಂಟೀನಿಗೆ ಎರಡು ಸಲ ಹೋಗಿಬರಬಹುದು ಅನ್ನುವವರಿದ್ದಾರೆ. ಹೋಗಿಬರಲಿ, ನರಸಿಂಹ ಎದ್ದು ನಡೆಯುವ ಹೊತ್ತಿಗೆ ಸೀಟಿನಲ್ಲಿದ್ದರಾಯಿತು.